ಕುತ್ತಿಗೆಗೊಂದು ಅಗುಳಿ

ಯಾರನ್ನಾದರೂ ಅವಮಾನಿಸಿ ಓಡಿಸಬೇಕಾದರೆ ಕನ್ನಡದಲ್ಲಿ ಕತ್ತು ಹಿಡಿದು ಹೊರಗೆ ದಬ್ಬುತ್ತೇವೆ. ಕೈ ಹಿಡಿದಲ್ಲ, ಸೊಂಟ ಹಿಡಿದೂ ಅಲ್ಲ. ಸಾಲವೋ ಕೆಲಸವೋ ಮಿತಿಮೀರಿದರೆ ಅದು ಕುತ್ತಿಗೆಗೆ ಬಂತು ಅನ್ನುತ್ತೇವೆ. ಕುತ್ತಿಗೆ ಸಿಕ್ಕಿದರೆ ಇಡೀ ಆಳು ಸಿಕ್ಕಿದ ಹಾಗೆ, ಕುತ್ತಿಗೆಯ ತನಕ ಬಂದದ್ದು ಜೀವದ ತನಕ ಬಂದ ಹಾಗೆ ಎಂಬ ಎರಡೂ ತಿಳಿವಳಿಕೆ ನಮ್ಮ ಮಾತಿನಲ್ಲೇ ಇದೆ. ಫಿಲಿಪ್ಪೀನ್ಸ್ ದೇಶದ ಕಾಳಗ ಕಲೆಗಳಲ್ಲಿ ಕಲಿಸುವ ಕುತ್ತಿಗೆ ಪಟ್ಟು ನಿಂತಿರುವುದು ಈ ಎರಡರ ನಡುವಿನ ಇಕ್ಕಟ್ಟಿನ ಜಾಗದಲ್ಲಿ. ಈಗ ಅದು ಮೊಬೈಲ್ ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಮುಗಿಯುವ ದೃಶ್ಯ. ಒಬ್ಬ ಬೆತ್ತ ಬೀಸುತ್ತಾನೆ, ಇನ್ನೊಬ್ಬ ತಡೆದು, ಪಕ್ಕಕ್ಕೆ ಸರಿದು, ತೋಳನ್ನೋ ಬೆತ್ತವನ್ನೋ ಅವನ ಕೊರಳಿಗೆ ಸುತ್ತಿಸಿ ನೆಲಕ್ಕಿಳಿಸುತ್ತಾನೆ. ನೋಡಿದವರಿಗೆ ಇದೊಂದು ಕೈಚಳಕ, ಒಮ್ಮೆ ಕಲಿತರೆ ಜೇಬಿನಲ್ಲಿಟ್ಟುಕೊಂಡು ತಿರುಗಬಹುದಾದ ಉಪಾಯ ಅನ್ನಿಸುತ್ತದೆ. ಹಾಗಲ್ಲ ಎಂಬುದು ನನ್ನ ವಾದ. ಈ ಪಟ್ಟು ಬಿಡಿಯಾಗಿ ಇರುವ ವಸ್ತುವೇ ಅಲ್ಲ. ಅದು ಬೆತ್ತದ ಹೊಡೆತದ ಬಾಲ. ಹೊಡೆತ, ಹೆಜ್ಜೆ, ಖಾಲಿ ಕೈಯ ಕೆಲಸ ಇವುಗಳ ಹಿಂದೆ ಬಂದರೆ ಮಾತ್ರ ಅದು ಫಲಿಸುತ್ತದೆ. ಹಾಗೆ ಬಂದಾಗ ಮಾತ್ರ, ಅಭ್ಯಾಸಕ್ಕೆ ಮೈಯೊಡ್ಡಿದ ಜೊತೆಗಾರನ ಕುತ್ತಿಗೆಯೂ ಉಳಿಯುತ್ತದೆ.

ಈ ಕಲೆಗಳಿಗೆ ಚಾಲ್ತಿಯಲ್ಲಿರುವ ಹೆಸರು ಮೂರು: ಆರ್ನಿಸ್, ಎಸ್ಕ್ರಿಮಾ, ಕಾಲಿ. ಎಸ್ಕ್ರಿಮಾ ಬಂದದ್ದು ಕತ್ತಿವರಸೆಗೆ ಸ್ಪ್ಯಾನಿಷ್‌ನಲ್ಲಿರುವ ಎಸ್ಗ್ರಿಮಾ ಎಂಬ ಮಾತಿನಿಂದ. ಆರ್ನಿಸ್ ಬಂದದ್ದು ಯುದ್ಧಕವಚ ಎಂಬರ್ಥದ ಆರ್ನೆಸ್‌ನಿಂದ. ಕಾಲಿ ಎಂಬುದು ಹೆಚ್ಚಾಗಿ ಕೇಳಿಬರುವುದು ಅಮೆರಿಕದಲ್ಲಿ. (ಅದಕ್ಕೂ ನಮ್ಮ ಕಾಳಿಗೂ ನಂಟು ಹೆಣೆಯುವ ಉತ್ಸಾಹ ಬೇಡ.) 1521ರ ಏಪ್ರಿಲ್ 27ರಂದು ಮಕ್ತಾನ್ ದ್ವೀಪದ ದಡದಲ್ಲಿ ಅಲ್ಲಿನ ನಾಯಕ ಲಾಪುಲಾಪುವಿನ ಜನ ನಾವಿಕ ಮ್ಯಾಗೆಲನ್‌ನನ್ನು ಕೊಂದ ಪ್ರಸಂಗವನ್ನು ಫಿಲಿಪ್ಪೀನ್ಸ್‌ನ ಪ್ರತಿ ಕಾಳಗ ಗುರುವೂ ಹೇಳುತ್ತಾನೆ. ಮ್ಯಾಗೆಲನ್‌ನ ಜೊತೆಗಿದ್ದ ಪಿಗಫೆಟ್ಟಾ ಬರೆದಿಟ್ಟ ವೃತ್ತಾಂತದಲ್ಲಿ ಬಿದಿರಿನ ಈಟಿ ಇದೆ, ಕಾಲಿಗೆ ಬಿದ್ದ ಖಡ್ಗದ ಏಟು ಇದೆ; ಪಟ್ಟುಗಳ ಮಾತಿಲ್ಲ. ಇದು ಗಮನಿಸಬೇಕಾದ ಸಂಗತಿ, ಏಕೆಂದರೆ ಈ ಕಲೆಯ ಬೇರು ಆಯುಧದಲ್ಲಿದೆ. 2009ರ ಡಿಸೆಂಬರ್ 11ರಂದು ಅಧ್ಯಕ್ಷೆ ಗ್ಲೋರಿಯಾ ಮಕಪಗಾಲ್ ಅರೋಯೊ ಸಹಿ ಹಾಕಿದ 9850ನೇ ಕಾಯಿದೆ ಆರ್ನಿಸನ್ನು ದೇಶದ ರಾಷ್ಟ್ರೀಯ ಕಾಳಗ ಕಲೆ ಮತ್ತು ಕ್ರೀಡೆ ಎಂದು ಘೋಷಿಸಿತು. ಆದರೆ ಕ್ರೀಡೆಯಾಗಿ ನಾವು ನೋಡುವುದು ಬೆತ್ತದ ಹೊಡೆದಾಟವನ್ನು ಮತ್ತು ಒಂಟಿಯಾಗಿ ಮಾಡಿ ತೋರಿಸುವ ವರಸೆಗಳನ್ನು. ಪಟ್ಟುಗಳು ಉಳಿದಿರುವುದು ಗುರುವಿನ ಅಂಗಳದಲ್ಲಿ. ಅಲ್ಲಿ ಅವುಗಳಿಗೆ ತ್ರಂಕಾದಾ ಎಂಬ ಹೆಸರಿದೆ. ಅದರ ಮೂಲವಾದ ತ್ರಂಕಾ ಅಂದರೆ ಸ್ಪ್ಯಾನಿಷ್‌ನಲ್ಲಿ ಬಾಗಿಲಿಗೆ ಅಡ್ಡಲಾಗಿ ಹಾಕುವ ಮರದ ದಸಿ, ನಮ್ಮ ಹಳೆ ಮನೆಗಳ ಅಗುಳಿ. ಅಗುಳಿಯಿಂದ ಬಾಗಿಲು ಮುರಿಯುವುದಿಲ್ಲ, ಅಲ್ಲಾಡದ ಹಾಗೆ ನಿಲ್ಲುತ್ತದೆ ಅಷ್ಟೆ. ಹೆಸರಿಟ್ಟವರಿಗೆ ತಾವು ಮಾಡುತ್ತಿರುವುದೇನೆಂದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ.

ಕರಾಟೆ, ಜೂಡೊ, ಕುಸ್ತಿ ಯಾವುದನ್ನೇ ತೆಗೆದುಕೊಳ್ಳಿ, ಕಲಿಕೆ ಶುರುವಾಗುವುದು ಬರಿಗೈಯಲ್ಲಿ. ಫಿಲಿಪ್ಪೀನ್ಸ್‌ನಲ್ಲಿ ಇದು ತಿರುವುಮುರುವು. ಮೊದಲ ದಿನವೇ ಕೈಗೆ ಬರುವುದು ಸುಮಾರು 70 ಸೆಂಟಿಮೀಟರ್ ಉದ್ದದ ಬೆತ್ತ. ಊರೂರಿಗೆ ಅದರ ಹೆಸರು ಬೇರೆ, ಬಾಸ್ತೋನ್, ಓಲಿಸಿ, ಯಂತೋಕ್. ಬಿದಿರಲ್ಲ, ಬೆತ್ತವೇ ಏಕೆಂದರೆ, ಬಿದಿರು ಸೀಳಿದರೆ ಚೂಪು ಚೂರುಗಳು ಏಳುತ್ತವೆ, ಬೆತ್ತ ಏಟು ತಿಂದರೆ ನಾರುನಾರಾಗುತ್ತದೆ. ಎದುರಿಗೆ ನಿಂತವರ ಕಣ್ಣಿನ ದೃಷ್ಟಿಯಿಂದ ಈ ವ್ಯತ್ಯಾಸ ದೊಡ್ಡದು. ಹೊಡೆತಗಳನ್ನು ಎಣಿಸುವ ರೀತಿಯಲ್ಲಿ ಈ ಪದ್ಧತಿಯ ಬುದ್ಧಿ ಕಾಣುತ್ತದೆ. ಅವುಗಳಿಗೆ ಆಯುಧದ ಹೆಸರಿಲ್ಲ, ಬರುವ ದಿಕ್ಕಿನ ಸಂಖ್ಯೆ ಇದೆ. ಹಲವು ಪಂಥಗಳಲ್ಲಿ ಇಂಥ ಹನ್ನೆರಡು ಕೋನಗಳು. ಮೊದಲನೆಯದು ಓರೆಯಾಗಿ ಎಡ ಕಣತಲೆಗೆ ಬಂದರೆ ಎರಡನೆಯದು ಬಲ ಕಣತಲೆಗೆ. ಆ ದಿಕ್ಕಿನಲ್ಲಿ ಬರುತ್ತಿರುವುದು ಬೆತ್ತವೋ ಮಚ್ಚೋ ಮುಷ್ಟಿಯೋ ಎಂಬುದು ಆಮೇಲಿನ ಮಾತು. ಮೈ ಸರಿಯಬೇಕಾದ ಹಾದಿ ಹೆಚ್ಚುಕಡಿಮೆ ಒಂದೇ. ಎರಡು ಬೆತ್ತ ಹಿಡಿದು ಒಂದರ ಮೇಲೊಂದು ಹೆಣೆಯುವ ಅಭ್ಯಾಸಕ್ಕೆ ಸಿನವಾಲಿ ಎಂದು ಹೆಸರು. ಅಲ್ಲಿನ ಹಳ್ಳಿ ಮನೆಗಳ ಗೋಡೆಗೆ ಕಟ್ಟುವ ಸವಾಲಿ ಎಂಬ ಬಿದಿರಿನ ತಟ್ಟಿಯಿಂದ ಬಂದ ಮಾತು ಅದು. ಇಷ್ಟರ ಜೊತೆಗೆ ಬೆತ್ತವಿಲ್ಲದ ಕೈಗೂ ಬಿಡುವಿಲ್ಲ. ಎದುರಾಳಿಯ ಮಣಿಕಟ್ಟನ್ನು ತಟ್ಟುವುದು, ಒತ್ತುವುದು, ಅರೆಗಳಿಗೆ ತಡೆದು ನಿಲ್ಲಿಸುವುದು ಅದರ ಪಾಲು. ಇಂಗ್ಲಿಷ್‌ನಲ್ಲಿ ಕಲಿಸುವವರು ಅದನ್ನು ‘ಲೈವ್ ಹ್ಯಾಂಡ್’ ಅನ್ನುತ್ತಾರೆ, ಎಚ್ಚರವಿರುವ ಕೈ. ಕುತ್ತಿಗೆ ಪಟ್ಟಿನ ಅರ್ಧ ಗುಟ್ಟು ಇರುವುದು ಅಲ್ಲಿ.

ಒಂದು ಸರಳ ಪ್ರಸಂಗ ನೋಡೋಣ. ಮೊದಲನೆಯ ಕೋನದ ಹೊಡೆತ ಬರುತ್ತಿದೆ. ಎದುರಿಸುವವನ ಬೆತ್ತ ಅದನ್ನು ದಾರಿಯಲ್ಲೇ ಸಂಧಿಸುತ್ತದೆ, ಖಾಲಿ ಕೈ ಹೊಡೆಯುವವನ ಮಣಿಕಟ್ಟಿನ ಮೇಲೆ ಕೂರುತ್ತದೆ, ಪಾದ ಓರೆಯಾಗಿ ಅವನ ತೋಳಿನ ಹೊರಮಗ್ಗುಲಿಗೆ ಸರಿಯುತ್ತದೆ. ಈಗ ತಡೆದ ಬೆತ್ತ ಹಿಂಗೈಯಲ್ಲಿ ಮರಳಿ ಬೀಸಿದರೆ ಅದರ ದಾರಿ ನೇರ ಎದುರಾಳಿಯ ಕೊರಳಿಗೆ. ಬಡಿದರೆ ಅದು ಹೊಡೆತ. ಬಡಿಯದೆ ಕೊರಳ ಪಕ್ಕದಲ್ಲಿ ಜಾರಿ ಹಿಂದಕ್ಕೆ ಹೋಗಿ, ಮಣಿಕಟ್ಟು ಹಿಡಿದಿದ್ದ ಕೈ ಆಚೆಯಿಂದ ಬೆತ್ತದ ತುದಿಯನ್ನು ಹಿಡಿದುಕೊಂಡರೆ ಅದು ಪಟ್ಟು. ತೋಳೂ ಕತ್ತೂ ಒಂದೇ ಕುಣಿಕೆಯಲ್ಲಿ. ಅಂದರೆ ಹೊಡೆಯದೆ ಉಳಿಸಿದ ಹೊಡೆತವೇ ಇಲ್ಲಿ ಪಟ್ಟಾಗಿದೆ. ಇದು ನನ್ನ ವಾದದ ಮುಖ್ಯ ಆಧಾರ. ಇದರಲ್ಲಿ ಹೊಸದಾಗಿ ಕಲಿಯಬೇಕಾದ ಚಲನೆ ಒಂದೂ ಇಲ್ಲ, ತಡೆ, ಹೆಜ್ಜೆ, ಮರುಬೀಸು ಎಲ್ಲವೂ ಮೊದಲ ತಿಂಗಳುಗಳಲ್ಲೇ ಕಲಿತವು. ಅವಿಲ್ಲದೆ ಕೊನೆಯ ಭಾಗವನ್ನಷ್ಟೇ ಕತ್ತರಿಸಿ ತೆಗೆದುಕೊಂಡವನು ಏನಾಗುತ್ತಾನೆ ಎಂದು ಊಹಿಸುವುದು ಕಷ್ಟವಲ್ಲ. ಮಣಿಕಟ್ಟಿಗೆ ತಡೆಯಿಲ್ಲದಿದ್ದರೆ ಎದುರಾಳಿಯ ಬೆತ್ತ ಎರಡನೇ ಸಲ ಬೀಸುತ್ತದೆ. ಹೆಜ್ಜೆ ಸರಿಯದಿದ್ದರೆ ಅವನ ಇನ್ನೊಂದು ಕೈಗೆ ಮುಖ ನೇರ ಸಿಗುತ್ತದೆ. ಆಗ ಉಳಿಯುವುದು ತೋಳಿನ ಬಲ ಮಾತ್ರ, ಬಲದಲ್ಲಿ ಗೆಲ್ಲುವವನಿಗೆ ಪಟ್ಟು ಬೇಕೇ ಇರಲಿಲ್ಲ.

ಬಲದ ಮಾತು ಬಂದಾಗ ದುಮೋಗನ್ನು ಬಿಟ್ಟು ಮುಂದೆ ಹೋಗಲಾಗದು. ಅದು ವಿಸಾಯಾಸ್ ದ್ವೀಪಗಳ ಕಡೆಯ ಕುಸ್ತಿ. ಟಗಾಲೋಗ್ ಭಾಷೆಯವರು ತಮ್ಮ ಕುಸ್ತಿಯನ್ನು ಬುನೊ ಅನ್ನುತ್ತಾರೆ. ಗದ್ದೆಯಲ್ಲಿ ಕರಬಾವ್ ಎಂಬ ನೀರುಕೋಣವನ್ನು ಹಿಡಿದು ತಿರುಗಿಸುವ ರೈತನ ಅನುಭವದಿಂದ ದುಮೋಗ್ ಹುಟ್ಟಿತೆಂದು ಗುರುಗಳು ಹೇಳುವುದುಂಟು. ದಾಖಲೆ ಏನೇ ಇರಲಿ, ಹೋಲಿಕೆ ಮಾತ್ರ ಅಚ್ಚುಕಟ್ಟು. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿಯನ್ನು ಯಾರೂ ಹೊಟ್ಟೆಗೆ ಕೈಕೊಟ್ಟು ತಳ್ಳುವುದಿಲ್ಲ. ಮೂಗುದಾರ ಎಳೆದರೆ ತಲೆ ತಿರುಗುತ್ತದೆ, ತಲೆ ತಿರುಗಿದ ಕಡೆ ಉಳಿದ ಮೈ ತಾನಾಗಿ ಹೋಗುತ್ತದೆ. ನಮ್ಮ ಗರಡಿಯ ಪೈಲ್ವಾನರಿಗೂ ಇದು ಹೊಸದಲ್ಲ. ಮಟ್ಟಿಯಲ್ಲಿ ಇಬ್ಬರು ಎದುರುಬದುರಾದ ಕೂಡಲೇ ಕೈ ಹೋಗುವುದು ಒಬ್ಬರ ಹಿಂಗತ್ತಿನ ಮೇಲೆ ಇನ್ನೊಬ್ಬರದು. ದುಮೋಗ್ ಈ ತಿಳಿವಳಿಕೆಯನ್ನು ಆಯುಧವಿರುವ ಜಗಳಕ್ಕೆ ಹೊಂದಿಸಿಕೊಂಡಿದೆ. ಮನುಷ್ಯನ ತಲೆ ಸುಮಾರು 4.5ರಿಂದ 5 ಕಿಲೋ ತೂಗುತ್ತದೆ, ಕುಳಿತಿರುವುದು ಇಡೀ ಮೈಯ ತುದಿಯಲ್ಲಿ. ಅದನ್ನು ಪಾದಗಳ ಅಳತೆಯಿಂದ ಒಂದು ಗೇಣು ಆಚೆ ಸರಿಸಿದರೆ ನಿಂತವನು ಹೆಜ್ಜೆ ಹಾಕಲೇಬೇಕು, ಹಾಕದಿದ್ದರೆ ಬೀಳುತ್ತಾನೆ. ಗದ್ದವನ್ನು ಭುಜದ ಕಡೆಗೆ ತಿರುಗಿಸಿದರೆ ಬೆನ್ನು ಬಾಗುತ್ತದೆ, ಬೆನ್ನು ಬಾಗಿದವನ ಕೈಗೆ ಬೀಸುವ ಶಕ್ತಿ ಇರುವುದಿಲ್ಲ. ಕುತ್ತಿಗೆ ಪಟ್ಟಿನ ನಿಜವಾದ ಉಪಯೋಗ ಇಷ್ಟೇ: ಎದುರಾಳಿಯ ಸಮತೋಲವನ್ನು ಅವನಿಂದ ಕಿತ್ತುಕೊಂಡು ತನ್ನ ಕೈಯಲ್ಲಿಟ್ಟುಕೊಳ್ಳುವುದು. ಮುರಿಯುವುದು ಇದರ ಉದ್ದೇಶವಲ್ಲ, ಸಿನಿಮಾದವರು ಏನೇ ತೋರಿಸಲಿ.

ಹಾಗಿದ್ದರೂ ಮುರಿಯಬಹುದು ಎಂಬುದನ್ನು ಮುಚ್ಚಿಡಬಾರದು. ಕುತ್ತಿಗೆಯ ಮೇಲೆ ಮಾಡುವ ಹಿಡಿತಗಳನ್ನೆಲ್ಲ ಜನ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಹೆಚ್ಚಿದೆ. ಶ್ವಾಸನಾಳವನ್ನು ಒತ್ತಿ ಉಸಿರು ತಡೆಯುವುದು ಒಂದು. ಎರಡೂ ಮಗ್ಗುಲಿನ ಶೀರ್ಷಧಮನಿಗಳನ್ನು ಅದುಮಿ ಮೆದುಳಿಗೆ ಹೋಗುವ ರಕ್ತ ತಡೆಯುವುದು ಇನ್ನೊಂದು. ಮೂಳೆಗಳ ಸಾಲನ್ನು ಅದರ ಮಿತಿಯ ತನಕ ತಿರುಚುವುದು ಮತ್ತೊಂದು. ತಲೆಯನ್ನು ಬರೀ ದಿಕ್ಕು ಬದಲಿಸಲು ಹಿಡಿಯುವುದು ಬೇರೆಯೇ. ರಕ್ತ ತಡೆದರೆ ಪ್ರಜ್ಞೆ ತಪ್ಪಲು ನಿಮಿಷಗಳು ಬೇಡ. 1943ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಆರೋಗ್ಯವಂತ ಯುವಕರ ಕೊರಳಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ನೋಡಿದಾಗ ಸರಾಸರಿ ಏಳು ಸೆಕೆಂಡಿನೊಳಗೇ ಪ್ರಜ್ಞೆ ತಪ್ಪಿತ್ತು. (ಇಂದು ಅಂಥ ಪ್ರಯೋಗಕ್ಕೆ ಯಾವ ನೀತಿ ಸಮಿತಿಯೂ ಒಪ್ಪಲಾರದು.) ತಿರುಚುವ ಪಟ್ಟಿನ ಅಪಾಯ ಇನ್ನೂ ಸೂಕ್ಷ್ಮ. ಕುತ್ತಿಗೆಯಲ್ಲಿರುವುದು ಏಳು ಕಶೇರುಗಳು, ತಲೆ ಅತ್ತಿತ್ತ ತಿರುಗುವುದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಡೆಯುವುದು ಮೇಲಿನ ಎರಡರ ನಡುವೆ. ಅವುಗಳ ಒಳಗೆ ಬೆನ್ನುಹುರಿ, ಪಕ್ಕದ ರಂಧ್ರಗಳಲ್ಲಿ ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಧಮನಿಗಳು. ಮೂರು, ನಾಲ್ಕು, ಐದನೆಯ ಮಟ್ಟದಲ್ಲಿ ಹೊರಡುವ ನರಗಳು ವಪೆಯನ್ನು ಆಡಿಸುತ್ತವೆ, ಅಂದರೆ ಉಸಿರಾಟವೇ ಅವುಗಳ ಕೈಯಲ್ಲಿದೆ. ಮೊಣಕೈ ಪಟ್ಟಿನಲ್ಲಿ ನೋವು ಮೊದಲು ಬರುತ್ತದೆ, ಗಾಯ ಆಮೇಲೆ. ಕುತ್ತಿಗೆಯಲ್ಲಿ ಆ ಅಂತರವನ್ನು ನಂಬಿ ಕೂರುವಂತಿಲ್ಲ. ಧಮನಿಯ ಒಳಪದರ ಹರಿದರೂ ಆ ಹೊತ್ತಿಗೆ ಏನೂ ಅನ್ನಿಸದೆ, ಗಂಟೆಗಳೋ ದಿನಗಳೋ ಕಳೆದ ಮೇಲೆ ಪಾರ್ಶ್ವವಾಯುವಾಗಿ ಕಾಣಿಸಿಕೊಳ್ಳಬಹುದು. ಬೆತ್ತ ಸೇರಿದರೆ ಲೆಕ್ಕ ಇನ್ನೂ ಬಿಗಿ. ಮುಂಗೈ ಅಗಲ, ಮೆತ್ತಗೆ. ಬೆತ್ತ ಬೆರಳೆರಡರ ದಪ್ಪ, ಗಟ್ಟಿ. ಅದೇ ಒತ್ತಡ ಸಣ್ಣ ಜಾಗದಲ್ಲಿ ಬೀಳುತ್ತದೆ, ಜೊತೆಗೆ ಎರಡು ತುದಿ ಹಿಡಿದ ಬೆತ್ತ ಸನ್ನೆಗೋಲಾಗಿ ದುಡಿಯುತ್ತದೆ. ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಅದನ್ನು ತಾಳುವಂಥದ್ದಲ್ಲ.

ಇಷ್ಟು ಅಪಾಯವಿದ್ದರೆ ಕಲಿಸುವುದೇ ಏಕೆ ಎಂದು ಕೇಳುವುದು ಸಹಜ, ಈ ಪ್ರಶ್ನೆಗೆ ಬಲವಾದ ಬೆಂಬಲವೂ ಇದೆ. ಅಂತರರಾಷ್ಟ್ರೀಯ ಜೂಡೊ ಕೀಲುಪಟ್ಟಿಗೆ ಮೊಣಕೈಯೊಂದನ್ನೇ ಬಿಟ್ಟುಕೊಟ್ಟಿದೆ. ಕುತ್ತಿಗೆಗೆ, ಬೆನ್ನುಮೂಳೆಗೆ ಅಪಾಯ ತರುವ ಕ್ರಿಯೆ ಮಾಡಿದವರನ್ನು ಪಂದ್ಯದಿಂದಲೇ ಹೊರಗೆ ಹಾಕುತ್ತದೆ. ಅಮೆರಿಕದ ಮಿನಿಯಾಪೊಲಿಸ್ ಪೊಲೀಸರ ಕೈಪಿಡಿಯಲ್ಲಿ ಕುತ್ತಿಗೆಯ ಹಿಡಿತ ಒಂದು ಒಪ್ಪಿತ ವಿಧಾನವಾಗಿತ್ತು. 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಒಬ್ಬ ಪೊಲೀಸನ ಮಂಡಿಯ ಕೆಳಗೆ ಪ್ರಾಣ ಬಿಟ್ಟ ಮೇಲೆ ಆ ನಗರವೂ ಇನ್ನೆಷ್ಟೋ ನಗರಗಳೂ ಅದನ್ನು ನಿಷೇಧಿಸಿದವು. ಜೂಡೊದ ನಿಯಮ ಸರಿ, ನಗರಗಳ ನಿಷೇಧವೂ ಸರಿ. ಆದರೆ ಆ ಎರಡು ಸಂದರ್ಭಗಳ ಸ್ವಭಾವ ನೋಡಬೇಕು. ಪಂದ್ಯದಲ್ಲಿ ಗೆಲ್ಲುವ ಹಸಿವು ಕೈಯನ್ನು ನಿಲ್ಲಿಸಲು ಬಿಡುವುದಿಲ್ಲ. ಬಂಧನದಲ್ಲಿ ಹಿಡಿದವನಿಗೆ ಎಲ್ಲ ಅಧಿಕಾರ, ಹಿಡಿಸಿಕೊಂಡವನಿಗೆ ಬಿಡು ಎನ್ನುವ ಹಕ್ಕೂ ಇಲ್ಲ. ಇಬ್ಬರು ಒಪ್ಪಿ ನಿಂತ ಅಭ್ಯಾಸದ ಅಂಗಳ ಇವೆರಡೂ ಅಲ್ಲ. ಅಲ್ಲಿ ಕಲಿಯುವವನಿಗೆ ಮೊದಲು ಗೊತ್ತಾಗುವುದು ತನ್ನ ಕುತ್ತಿಗೆ ಎಷ್ಟು ಬೇಗ ಇನ್ನೊಬ್ಬರ ವಶವಾಗುತ್ತದೆ ಎಂಬುದು. ಗದ್ದವನ್ನು ಎದೆಗೆ ಒತ್ತಿಕೊಳ್ಳುವುದು, ಭುಜ ಏರಿಸುವುದು, ಎಳೆದ ಕಡೆಗೇ ತಿರುಗಿ ಸಡಿಲ ಮಾಡಿಕೊಳ್ಳುವುದು, ಇವೆಲ್ಲ ಪಟ್ಟು ಹಾಕಲು ಕಲಿಯುವಾಗಲೇ ಬರುವ ಬಿಡಿಸಿಕೊಳ್ಳುವ ವಿದ್ಯೆ. ಕಲಿಸದೆ ಬಿಟ್ಟರೆ ಪಟ್ಟು ಮಾಯವಾಗುವುದಿಲ್ಲ. ವಿಡಿಯೊ ನೋಡಿದವನ ಕೈಯಲ್ಲಿ, ಅಂಕೆಯಿಲ್ಲದೆ, ಉಳಿಯುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಚುರುಕು, ಅದನ್ನು ಎತ್ತುವವರು ಕಾಳಗ ಬಲ್ಲವರೇ. ಜೊತೆಗಾರ ಸಹಕರಿಸುವುದರಿಂದ ಈ ಪಟ್ಟುಗಳೆಲ್ಲ ಕೂರುತ್ತವೆ, ನಿಜವಾಗಿ ಬೀಸುವವನ ಮುಂದೆ ಒಂದೂ ನಿಲ್ಲುವುದಿಲ್ಲ ಎಂಬುದು ಅವರ ಮಾತು. ಇದರಲ್ಲಿ ಸತ್ಯ ಬಹಳವಿದೆ. ಸೆಬು ನಗರದಲ್ಲಿ 1952ರಲ್ಲಿ ವೆನಾನ್ಸಿಯೊ ಬಾಕೋನ್ ಕಟ್ಟಿದ ಬಾಲಿಂತಾವಾಕ್ ಪಂಥದವರು ಒಂದೇ ಬೆತ್ತ ಹಿಡಿದು, ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ, ಬಿರುಸಾಗಿ ಅಭ್ಯಾಸ ಮಾಡುತ್ತಿದ್ದರು. ಹಳೆಯ ರೂಢಿಯಲ್ಲಿ ಗುರಿ ಎದುರಾಳಿಯ ಬೆತ್ತವಲ್ಲ, ಅದನ್ನು ಹಿಡಿದ ಕೈ. ಬೆರಳು ಊದಿಕೊಂಡವರು ಮರುದಿನ ಬರುತ್ತಿರಲಿಲ್ಲ. ನೆಗ್ರೋಸ್ ದ್ವೀಪದ ಹಿನಿಗರನ್ ಊರಿನ ರೆಮಿ ಪ್ರೆಸಾಸ್ (1936–2001) ‘ಮಾಡರ್ನ್ ಆರ್ನಿಸ್’ ರೂಪಿಸಿದಾಗ ಕೈಯ ಬದಲು ಬೆತ್ತಕ್ಕೆ ಬೆತ್ತ ತಾಗಿಸುವ ಅಭ್ಯಾಸ ತಂದರು. ಕಲೆ ಶಾಲೆಗಳಿಗೆ ಹೊಕ್ಕಿತು, ಉಳಿಯಿತು. ಹಳಬರು ಮಾತ್ರ ಇದರಿಂದ ಹರಿತ ಹೋಯಿತು ಎಂದು ಗೊಣಗಿದರು. ಕುತ್ತಿಗೆ ಪಟ್ಟನ್ನು ಬಿಡಿಯಾಗಿ ಕಲಿಸುವ ತರಗತಿಗಳಿಗೆ ಈ ಗೊಣಗಾಟ ಪೂರ್ತಿ ಸಲ್ಲುತ್ತದೆ. ಹೊಡೆತದ ಹಿಂದೆ ಪಟ್ಟನ್ನು ತರುವ ಕ್ರಮಕ್ಕೆ ಸಲ್ಲುವುದಿಲ್ಲ, ಏಕೆಂದರೆ ಅಲ್ಲಿ ಪಟ್ಟು ತಪ್ಪಿದರೆ ಹೊಡೆತ ಹಾಗೇ ಕೈಯಲ್ಲಿರುತ್ತದೆ. ಎದುರಾಳಿ ತನ್ನ ಕತ್ತನ್ನು ಬಿಗಿಮಾಡಿಕೊಂಡರೆ ಬೆತ್ತ ಅವನ ಮಣಿಕಟ್ಟಿಗೆ ಬೀಳುತ್ತದೆ, ಕೈ ಎತ್ತಿ ತಪ್ಪಿಸಿಕೊಂಡರೆ ಪಕ್ಕೆ ತೆರೆಯುತ್ತದೆ. ಬೇಟೆಗಾರನ ಹಾಗೆ ಪಟ್ಟನ್ನೇ ಹುಡುಕಿಕೊಂಡು ಹೋಗುವವನಿಗೆ ಈ ಆಯ್ಕೆ ಇಲ್ಲ. ಇನ್ನೊಂದನ್ನು ಒಪ್ಪಿಯೇ ಬಿಡಬೇಕು. ಬೆತ್ತದ ಜಾಗದಲ್ಲಿ ಖಡ್ಗವಿದ್ದರೆ ತುದಿ ಹಿಡಿಯುವ ಕೈಯೇ ಕತ್ತರಿಸಿಹೋಗುತ್ತದೆ. ಬೆತ್ತ, ಖಡ್ಗ ಎರಡಕ್ಕೂ ಒಂದೇ ಚಲನೆ ಎಂಬ ಪಂಥಗಳ ಹೆಮ್ಮೆಯ ಮಾತು ಹೊಡೆತಕ್ಕೆ ಸಲ್ಲುವಷ್ಟು ಪಟ್ಟಿಗೆ ಸಲ್ಲುವುದಿಲ್ಲ. ಹಾಗೆಯೇ ಆತ್ಮರಕ್ಷಣೆಯ ಎರಡು ದಿನಗಳ ಶಿಬಿರದಲ್ಲಿ ಇದನ್ನು ಕಲಿಸುವುದೂ ತಪ್ಪು. ಒಬ್ಬನನ್ನು ಹಿಡಿದು ನಿಂತವಳು ತಾನೂ ಅಲ್ಲೇ ಕಟ್ಟಿಬಿದ್ದಿರುತ್ತಾಳೆ. ಓಡಲು ದಾರಿಯಿದ್ದಾಗ ಹಿಡಿಯುವುದು ಜಾಣತನವಲ್ಲ, ಎರಡನೆಯವನು ಬರುತ್ತಿದ್ದರಂತೂ ಅಪಾಯ.

ಈ ಪಟ್ಟುಗಳು ಫಿಲಿಪ್ಪೀನ್ಸ್‌ನವೇ ಅಲ್ಲ, ಜಪಾನಿನ ಕಡ ಎನ್ನುವವರಿಗೂ ಒಂದು ಮಾತು. ಕಡ ತಂದದ್ದನ್ನು ಯಾರೂ ಬಚ್ಚಿಟ್ಟಿಲ್ಲ. 1932ರಲ್ಲಿ ಸೆಬುವಿನಲ್ಲಿ ಹುಟ್ಟಿದ ದೋಸೆ ಪಾರೆಸ್ ಸಂಘದ ಕಕೋಯ್ ಕನ್ಯೇತೆ ಎಸ್ಕ್ರಿಮಾಕ್ಕೆ ಜೂಡೊ, ಜುಜುತ್ಸುಗಳನ್ನು ಬೆರೆಸಿ ಎಸ್ಕ್ರಿಡೊ ಎಂದು ಬಹಿರಂಗವಾಗಿಯೇ ಹೆಸರಿಟ್ಟರು. ಪ್ರೆಸಾಸ್ ಕೂಡ ಹವಾಯಿಯಲ್ಲಿ ಹುಟ್ಟಿದ ಜುಜುತ್ಸು ಗುರು ವಾಲಿ ಜೇ ಅವರೊಂದಿಗೆ ವರ್ಷಗಟ್ಟಲೆ ಊರೂರಿನಲ್ಲಿ ಶಿಬಿರ ನಡೆಸಿ ಕೀಲುಪಟ್ಟುಗಳನ್ನು ಹದಗೊಳಿಸಿಕೊಂಡರು. ಪದ ಎಲ್ಲಿಂದಲೋ ಬಂದಿರಬಹುದು, ವಾಕ್ಯ ಕಟ್ಟುವ ವ್ಯಾಕರಣ ಮನೆಯದು. ಜೂಡೊ ಪಟು ಜಗ್ಗಿ ಹಿಡಿದ ಅಂಗಿಯಿಂದ ಕುತ್ತಿಗೆಗೆ ಬರುತ್ತಾನೆ, ಎಸ್ಕ್ರಿಮಾದವನು ಬರುವುದು ಬೀಸಿದ ಬೆತ್ತದಿಂದ.

ಆ ವ್ಯಾಕರಣವನ್ನು ಕೈಗೆ ಹತ್ತಿಸುವ ಅಭ್ಯಾಸವೊಂದಿದೆ, ಹುಬುದ್-ಲುಬುದ್. ಕಟ್ಟುವುದು, ಬಿಚ್ಚುವುದು ಎಂದು ಕಲಿಸುವವರು ಅದಕ್ಕೆ ಅರ್ಥ ಹೇಳುತ್ತಾರೆ. ಇಬ್ಬರು ತೋಳಳತೆಗಿಂತ ಹತ್ತಿರ ನಿಂತು, ಒಬ್ಬ ಹೊಡೆದದ್ದನ್ನು ಇನ್ನೊಬ್ಬ ತಡೆದು, ಆಚೆ ದಾಟಿಸಿ, ಅದುಮಿ, ತಾನು ಹೊಡೆಯುತ್ತಾನೆ. ಮೊದಲನೆಯವನು ಅದನ್ನೇ ಮರಳಿಸುತ್ತಾನೆ. ಕಣ್ಣಿಗೆ ಇದು ಹುಡುಗಿಯರ ಚಪ್ಪಾಳೆಯಾಟದ ಹಾಗೆ ಕಾಣುತ್ತದೆ. ತಿಂಗಳುಗಟ್ಟಲೆ ಈ ಚಕ್ರ ತಿರುಗಿದ ಮೇಲೆ, ಯಾವ ಗಳಿಗೆಯಲ್ಲಿ ಎದುರಿನ ಭಾರ ಮುಂದಕ್ಕೆ ವಾಲಿತು, ಯಾವಾಗ ಮೊಣಕೈ ಎದ್ದಿತು ಎಂಬುದು ಚರ್ಮಕ್ಕೇ ತಿಳಿಯತೊಡಗುತ್ತದೆ. ಆಗ ಗುರು ಚಕ್ರದ ಒಂದು ಸಂದಿಯಲ್ಲಿ ಕುತ್ತಿಗೆ ಪಟ್ಟನ್ನು ಸೇರಿಸುತ್ತಾನೆ. ಮೊದಲು ಬೆತ್ತವಿಲ್ಲದೆ, ಅಂಗೈಯನ್ನು ಹಿಂಗತ್ತಿನ ಮೇಲಿಟ್ಟು ತಲೆಯ ದಿಕ್ಕನ್ನು ಬದಲಿಸುವುದಷ್ಟೇ. ಆಮೇಲೆ ತೋಳು. ಬೆತ್ತ ಎಲ್ಲಕ್ಕಿಂತ ಕೊನೆಗೆ, ಅದೂ ನಿಧಾನಗತಿಯಲ್ಲಿ, ಗಂಟಲನ್ನು ಬಿಟ್ಟು ಕತ್ತಿನ ಪಕ್ಕಕ್ಕೆ ಕೂರುವ ಹಾಗೆ. ಸಾಕು ಎಂಬ ಸೂಚನೆಗೆ ಇಲ್ಲಿ ಬಾಯನ್ನು ನಂಬುವಂತಿಲ್ಲ. ಹಿಡಿತ ಬಿಗಿದಾಗ ಮೊದಲು ಹೋಗುವುದೇ ಧ್ವನಿ. ಒಂದು ಕೈ ಪಟ್ಟಿನೊಳಗೆ ಸಿಕ್ಕಿರುವುದರಿಂದ ಇನ್ನೊಂದು ಕೈಯಿಂದ ತಟ್ಟಬೇಕು, ಅದೂ ಆಗದಿದ್ದರೆ ಪಾದದಿಂದ ನೆಲಕ್ಕೆ ಬಡಿಯಬೇಕು. ಹಾಕಿದವನ ಕಣ್ಣು ಜೊತೆಗಾರನ ಮುಖದ ಬಣ್ಣದ ಮೇಲಿರಬೇಕು, ಅವನು ತಟ್ಟುವ ತನಕ ಕಾಯದೆ ತಾನೇ ಬಿಡಬೇಕು. ಬಿಡುವುದಕ್ಕೂ ಕ್ರಮವಿದೆ: ತಟ್ಟಿದ ಕೂಡಲೇ ಕೈ ಕಿತ್ತುಕೊಂಡರೆ ವಾಲಿದ ತಲೆ ಜೋಲಿ ಹೊಡೆಯುತ್ತದೆ, ಅದರಿಂದಲೇ ಪೆಟ್ಟಾದೀತು. ಒತ್ತಡವನ್ನು ಆ ಗಳಿಗೆಯಲ್ಲೇ ಇಳಿಸಿ, ಅಂಗೈಯನ್ನು ತಲೆಯ ಕೆಳಗೆ ಆಸರೆಯಾಗಿಟ್ಟು, ಬಂದ ಹಾದಿಯಲ್ಲೇ ಹಿಂದಕ್ಕೆ ಬಂದು, ಜೊತೆಗಾರ ತನ್ನ ಎರಡು ಕಾಲ ಮೇಲೆ ನಿಂತನೆಂದು ಕಂಡ ಮೇಲೆ ಕೈ ತೆಗೆಯುತ್ತಾರೆ. ಹುಬುದ್ ಮುಗಿದು ಲುಬುದ್ ಆಗುವುದು ಆಗಲೇ.